ಹೊಲಿಯುವವರ ಹೆಸರಿಗೆ ಒಡೆಯರು ಯಾರು?

ಹೆಸರು ಯಾರ ಸ್ವತ್ತು? ದುಡಿದು ಆ ಹೆಸರನ್ನು ತಂದವರದೋ, ಕಚೇರಿಗೆ ಹೋಗಿ ಬರೆಸಿಕೊಂಡವರದೋ? ಭೂಮಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ನಮ್ಮ ನಾಡು ಒಮ್ಮೆ ಕೇಳಿಕೊಂಡಿದೆ. 1974ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂದಾಗ 'ಉಳುವವನೇ ಹೊಲದೊಡೆಯ' ಅನ್ನೋ ಮಾತು ಊರೂರಲ್ಲಿ ಕೇಳಿಸಿತು. ಆದರೆ ಒಡೆಯನಾಗೋಕೆ ಉಳುಮೆ ಒಂದೇ ಸಾಲಲಿಲ್ಲ. ಫಾರಂ ನಂಬರ್ 7 ತುಂಬಬೇಕಿತ್ತು. ತುಂಬಿದ ಎಷ್ಟೋ ಗೇಣಿದಾರರಿಗೆ ಹೊಲ ಬಂತು. ಧಣಿಗೆ ಹೆದರಿಯೋ ಅಕ್ಷರ ಬಾರದೆಯೋ ತುಂಬದೇ ಉಳಿದವರಿಗೆ ಬರಲಿಲ್ಲ. ಗೇಣಿಯ ಹಕ್ಕೂ ಇಲ್ಲದೆ ಬರೀ ಕೂಲಿಗೆ ದುಡಿದ ನಮ್ಮ ಕೇರಿಯ ಜನಕ್ಕಂತೂ ಆ ಫಾರಂನಲ್ಲಿ ಜಾಗವೇ ಇರಲಿಲ್ಲ.

ಅದೇ ಪ್ರಶ್ನೆ ಈಗ ಚಪ್ಪಲಿಯ ರೂಪದಲ್ಲಿ ನಮ್ಮೆದುರು ನಿಂತಿದೆ. ಈ ಸಲ ಫಾರಂ ಇರೋದು ಬೇರೆ ದೇಶದ ಕಚೇರಿಯಲ್ಲಿ.

2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಪ್ರಾಡಾ ಕಂಪನಿ ಗಂಡಸರ ಉಡುಪುಗಳ ಪ್ರದರ್ಶನ ಇಟ್ಟಿತು. ಅಲ್ಲಿ ನಡೆದುಬಂದ ಮಾಡೆಲ್‌ಗಳ ಕಾಲಲ್ಲಿದ್ದುದನ್ನು ಬೆಳಗಾವಿ ಸೀಮೆಯ ಯಾವ ಮಗುವಾದರೂ ಗುರುತು ಹಿಡಿಯುತ್ತಿತ್ತು: ಚಪ್ಪಟೆ ಅಟ್ಟೆ, ಹೆಣೆದ ಪಟ್ಟಿ, ಹೆಬ್ಬೆರಳು ಹಿಡಿಯುವ ಬಳೆಯಂಥ ತೊಗಲು. ಕಂಪನಿ ಅದನ್ನು ಬರೀ ಚರ್ಮದ ಚಪ್ಪಲಿ ಅಂತ ಕರೆಯಿತು. ಕೊಲ್ಹಾಪುರದ ಹೆಸರು ಎಲ್ಲೂ ಬರಲಿಲ್ಲ. ಗದ್ದಲ ಎದ್ದ ಮೇಲೆ ಅದೇ ತಿಂಗಳ ಕೊನೆಗೆ ಪತ್ರ ಬರೆದು, ಭಾರತದ ಸಾಂಪ್ರದಾಯಿಕ ಪಾದರಕ್ಷೆಯಿಂದ ಪ್ರೇರಣೆ ಪಡೆದದ್ದು ಹೌದು ಅಂತ ಒಪ್ಪಿಕೊಂಡಿತು.

ಆಗ ಈ ದೇಶದಲ್ಲಿ ಎದ್ದ ಕೂಗನ್ನು ನಾವು ಕಿವಿಗೊಟ್ಟು ಕೇಳಿದೆವು. 'ನಮ್ಮ ಪರಂಪರೆಯನ್ನು ಕದ್ದರು' ಅಂದರು. ಸರಿ. ಈ 'ನಮ್ಮ' ಅಂದರೆ ಯಾರು? ಈ ಚಪ್ಪಲಿಗೆ ತೊಗಲು ಹದ ಮಾಡಿದವರು ಢೋರರು. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ದಿನಗಟ್ಟಲೆ ಕೈಯದ್ದಿ ಹದ ಮಾಡಿದರು. ರಂಪಿಗೆ ಹಿಡಿದು ಕತ್ತರಿಸಿ, ಮೊಳೆ ಹೊಡೆಯದೆ ತೊಗಲಿನ ದಾರದಲ್ಲೇ ಹೊಲಿದವರು ಸಮಗಾರರು. ಪಟ್ಟಿಯ ಜಡೆ ಹೆಣೆದವರು ಅವರ ಮನೆಯ ಹೆಣ್ಣುಮಕ್ಕಳು. ಇವರ ಕೇರಿಯ ವಾಸನೆಗೆ ಮೂಗು ಮುಚ್ಚಿಕೊಂಡವರೂ, ತಾವೇ ಹೊಲಿದ ಕಾಲ್ಮರಿಯನ್ನು ಮೇಲುಕೇರಿಯಲ್ಲಿ ಮೆಟ್ಟಬಾರದು, ಕೈಯಲ್ಲಿ ಹಿಡಿದುಕೊಂಡು ಹೋಗಬೇಕು ಅಂತ ಕಟ್ಟಳೆ ಮಾಡಿದವರೂ ಮಿಲಾನಿನ ಸುದ್ದಿ ಬಂದ ದಿನ 'ನಮ್ಮ' ಅಂದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ದಲಿತ ಹುಡುಗರನ್ನು ಕಟ್ಟಿ ಹೊಡೆದಾಗ ಈ ಪರಂಪರೆ ಯಾರಿಗೂ ನೆನಪಾಗಿರಲಿಲ್ಲ. ಗೋಹತ್ಯೆ ಕಾಯಿದೆಗಳು ಮಹಾರಾಷ್ಟ್ರದಲ್ಲಿ 2015ರಲ್ಲೂ ಕರ್ನಾಟಕದಲ್ಲಿ 2021ರಲ್ಲೂ ಬಿಗಿಯಾದಾಗ ತೊಗಲು ಎಲ್ಲಿಂದ ತರಬೇಕು ಅಂತ ಸಮಗಾರರನ್ನು ಕೇಳಿದವರೂ ಕಡಿಮೆ.

ಹೀಗಂತ ಪ್ರಾಡಾ ಮಾಡಿದ್ದು ಸರಿ ಅಂತ ನಾವು ಹೇಳುತ್ತಿಲ್ಲ. ಕಳ್ಳ ಹೊರಗಿನವನು ಅಂದ ಮಾತ್ರಕ್ಕೆ ಮನೆಯ ಯಜಮಾನಿಕೆ ತನ್ನದು ಅಂತ ಯಾರೂ ಸಾಬೀತು ಮಾಡಿದ ಹಾಗೆ ಆಗೋದಿಲ್ಲ, ಇಷ್ಟೇ ನಮ್ಮ ಮಾತು.

ಈಗ ಕಾನೂನು ಏನು ಹೇಳುತ್ತದೆ ನೋಡೋಣ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿ.ಐ. ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ – ಹೀಗೆ ಎಂಟು ಜಿಲ್ಲೆಗಳ ಹೆಸರಲ್ಲಿ. ಎಷ್ಟೋ ಜೋಡಿ ಅಥಣಿ, ನಿಪ್ಪಾಣಿ ಕಡೆಯ ಕೇರಿಗಳಲ್ಲಿ ಹೊಲಿದವೇ ಆಗಿದ್ದರೂ ಹೆಸರು ಮಾತ್ರ ಮಾರಾಟವಾದ ಪೇಟೆಯದು. ಇರಲಿ. ಆ ನೋಂದಣಿ ಇರೋದು ಚೆನ್ನೈನ ಕಚೇರಿಯಲ್ಲಿ. ಅದರ ಅಧಿಕಾರ ಭಾರತದ ಗಡಿಗೆ ನಿಲ್ಲುತ್ತದೆ. ಟ್ರೇಡ್‌ಮಾರ್ಕ್ ಕೂಡ ಹಾಗೇ, ದೇಶಕ್ಕೊಂದು ಪುಸ್ತಕ. ಇಲ್ಲಿ ಬರೆಸಿದ್ದು ಇಟಲಿಯವನಿಗೆ ಲೆಕ್ಕಕ್ಕಿಲ್ಲ, ಇಟಲಿಯಲ್ಲಿ ಬರೆಸಿದ್ದು ಚೀನಾದವನಿಗೆ ಲೆಕ್ಕಕ್ಕಿಲ್ಲ.

ಇನ್ನೂ ಒಂದು ಸಂಗತಿ ಉಂಟು. ಟ್ರೇಡ್‌ಮಾರ್ಕ್ ಆಗಲಿ ಜಿ.ಐ. ಆಗಲಿ ಕಾಯೋದು ಹೆಸರನ್ನು. ಪ್ರಾಡಾ ಹೆಸರನ್ನು ಮುಟ್ಟಲೇ ಇಲ್ಲ. ಚಪ್ಪಲಿ ತೆಗೆದುಕೊಂಡು ಹೆಸರನ್ನು ಹೊಸ್ತಿಲಲ್ಲೇ ಬಿಟ್ಟುಹೋಯಿತು. ಹೆಸರು ಹೇಳದೆ ದುಡಿಮೆಯನ್ನು ಮಾತ್ರ ಬಳಸಿಕೊಳ್ಳೋದು ನಮಗೇನು ಹೊಸದಲ್ಲ. ನಾವು ಕಟ್ಟಿದ ಗುಡಿಗಳ ಶಾಸನದಲ್ಲಿ ಕಲ್ಲು ಹೊತ್ತವರ ಹೆಸರು ಹುಡುಕಿ ನೋಡಿ.

ಜಗತ್ತಿನ ವ್ಯಾಪಾರದ ಕಾನೂನಿಗೂ ಮೇಲುಕೀಳು ಗೊತ್ತು. ವಿಶ್ವ ವ್ಯಾಪಾರ ಸಂಸ್ಥೆಯ ಜೊತೆ 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಒಪ್ಪಂದದಲ್ಲಿ ಭೌಗೋಳಿಕ ಹೆಸರುಗಳಿಗೆ ಎರಡು ಮಜಲಿನ ರಕ್ಷಣೆ ಇದೆ. ಎಲ್ಲ ವಸ್ತುಗಳಿಗೂ ಸಾಧಾರಣ ರಕ್ಷಣೆ: ಕೊಳ್ಳುವವರಿಗೆ ಮೋಸವಾಗುತ್ತದೆ ಅಂತ ತೋರಿಸಿದರೆ ಮಾತ್ರ ಸಿಗುವಂಥದು. ವೈನು, ಮದ್ಯಗಳಿಗೆ ಮಾತ್ರ ಮೇಲಿನ ಮಜಲು: ಯಾರಿಗೂ ಮೋಸವಾಗದಿದ್ದರೂ ಆ ಹೆಸರನ್ನು ಬೇರೆಯವರು ಬಳಸುವ ಹಾಗಿಲ್ಲ. ಯುರೋಪಿನ ದ್ರಾಕ್ಷಿ ತೋಟದ ಹೆಸರು ಅಟ್ಟದ ಮೇಲೆ, ತೊಗಲಿನವರ ಹೆಸರು ಅಂಗಳದಲ್ಲಿ. ಯುರೋಪ್ ಒಕ್ಕೂಟದಲ್ಲಿ ಕರಕುಶಲ ವಸ್ತುಗಳಿಗೆ ಒಕ್ಕೂಟದ ಮಟ್ಟದ ಜಿ.ಐ. ಅನ್ನೋದೇ ಇರಲಿಲ್ಲ. 2023ರಲ್ಲಿ ಕಾನೂನು ಮಾಡಿ 2025ರ ಡಿಸೆಂಬರ್ 1ರಿಂದ ಜಾರಿಗೆ ತಂದರು. ಈಗ ಹೊರದೇಶದ ಉತ್ಪಾದಕರೂ ಸ್ಪೇನಿನ ಅಲಿಕಾಂತೆಯಲ್ಲಿರುವ ಕಚೇರಿಗೆ ಅರ್ಜಿ ಹಾಕಬಹುದು. ಬಾಗಿಲು ತೆರೆದಿದೆ. ಒಳಗೆ ಹೋಗುವವರು ಯಾರು ಅನ್ನೋದೇ ಪ್ರಶ್ನೆ.

ಟ್ರೇಡ್‌ಮಾರ್ಕ್ ಬರೆಸೋಕೆ ದಾರಿ ಎರಡು. ಒಂದು, ಆಯಾ ದೇಶದ ಕಚೇರಿಗೇ ನೇರ ಅರ್ಜಿ. ಅಲ್ಲಿನ ವಕೀಲರು, ಅಲ್ಲಿನ ಭಾಷೆ. ಇನ್ನೊಂದು ಮ್ಯಾಡ್ರಿಡ್ ದಾರಿ. 1989ರ ಮ್ಯಾಡ್ರಿಡ್ ಪ್ರೋಟೊಕಾಲಿಗೆ ಭಾರತ 2013ರ ಜುಲೈನಲ್ಲಿ ಸೇರಿತು. ಮೊದಲು ಇಲ್ಲಿ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಬೇಕು (ಜಿ.ಐ. ಒಂದನ್ನೇ ಹಿಡಿದು ಈ ದಾರಿಗೆ ಇಳಿಯೋ ಹಾಗಿಲ್ಲ). ಅದರ ಆಧಾರದ ಮೇಲೆ ಜಿನೀವಾದ ಸಂಸ್ಥೆಗೆ ಒಂದು ಅರ್ಜಿ, ಅಲ್ಲಿಂದ ನಾವು ಹೇಳಿದ ದೇಶಗಳಿಗೆ. ಮೂಲ ಶುಲ್ಕ 653 ಸ್ವಿಸ್ ಫ್ರಾಂಕ್, ಗುರುತಿಗೆ ಬಣ್ಣವಿದ್ದರೆ 903. ಅದರ ಮೇಲೆ ದೇಶದೇಶದ ಶುಲ್ಕ. ಯುರೋಪ್ ಒಕ್ಕೂಟದಲ್ಲಿ ಸಂಘವೊಂದು ಸಾಮೂಹಿಕ ಗುರುತಿಗೆ ನೇರವಾಗಿ ಅರ್ಜಿ ಹಾಕಿದರೆ 1,500 ಯೂರೋ. ಸಂತೆಯಲ್ಲಿ ಕೆಲವು ನೂರು ರೂಪಾಯಿಗೆ ಜೋಡಿ ಮಾರುವವರು ಈ ಲೆಕ್ಕವನ್ನು ಎಷ್ಟು ಜೋಡಿಯಲ್ಲಿ ಎಣಿಸಬೇಕು?

ಅರ್ಜಿಯಲ್ಲಿ ವಸ್ತುವಿನ ವರ್ಗ ಬರೆಯಬೇಕು. ಜಗತ್ತಿನ ಸರಕು, ಸೇವೆಯನ್ನೆಲ್ಲ 45 ವರ್ಗ ಮಾಡಿದ್ದಾರೆ. ಪಾದರಕ್ಷೆಗೆ 25ನೇ ವರ್ಗ. ನಾಲ್ಕು ವರ್ಣದಲ್ಲಿ ಜಾಗ ಸಿಗದವರ ಚಪ್ಪಲಿಗೆ ಈ 45ರಲ್ಲಿ ಜಾಗ ಸಿಕ್ಕಿದೆ. ಚಪ್ಪಲಿಗೆ ಸಿಕ್ಕಿದೆ, ಮಾಡಿದವರಿಗಲ್ಲ.

ಬರೆಸಿದರೆ ಮುಗಿಯಲಿಲ್ಲ. ಹತ್ತು ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ನವೀಕರಿಸಬೇಕು. ಬರೆಸಿ ಸುಮ್ಮನೆ ಕೂತರೆ ಹಕ್ಕು ಹೋಗುತ್ತದೆ: ಯುರೋಪಿನಲ್ಲಿ ಐದು ವರ್ಷ, ಚೀನಾದಲ್ಲಿ ಮೂರು ವರ್ಷ ಬಳಸದಿದ್ದರೆ ಯಾರು ಬೇಕಾದರೂ ಅದನ್ನು ರದ್ದು ಮಾಡಿ ಅಂತ ಕೇಳಬಹುದು. ಅಮೆರಿಕದಲ್ಲಿ ನೋಂದಣಿಯಾದ ಐದನೇ ವರ್ಷ ಮುಗಿದು ಆರನೇ ವರ್ಷ ತುಂಬುವುದರೊಳಗೆ 'ಬಳಸುತ್ತಿದ್ದೇವೆ' ಅಂತ ಪ್ರಮಾಣ ಮಾಡಿ ಪುರಾವೆ ಕೊಡಬೇಕು. ಬೇರೆ ಯಾರಾದರೂ ಅದೇ ಹೆಸರಿಗೆ ಅರ್ಜಿ ಹಾಕಿದ್ದಾರಾ ಅಂತ ಕಣ್ಣಿಟ್ಟು, ಗಡುವಿನೊಳಗೆ ತಕರಾರು ಹೂಡಬೇಕು. ಮ್ಯಾಡ್ರಿಡ್ ದಾರಿಯಲ್ಲಂತೂ ಮೊದಲ ಐದು ವರ್ಷದೊಳಗೆ ಊರಿನ ನೋಂದಣಿ ಬಿದ್ದರೆ ಹೊರದೇಶದ್ದೂ ಅದರ ಹಿಂದೆಯೇ ಬೀಳುತ್ತದೆ. ಬೇರು ಇಲ್ಲಿ, ಕೊಂಬೆ ಅಲ್ಲಿ.

ಕಣ್ಣಿಡದಿದ್ದರೆ ಏನಾಗುತ್ತದೆ? ದಕ್ಷಿಣ ಆಫ್ರಿಕದ ರೂಯಿಬೋಸ್ ಗಿಡದ ಎಲೆಯನ್ನು ಚಹಾದ ಹಾಗೆ ಕುದಿಸಿ ಕುಡಿಯುತ್ತಾರೆ. 1994ರಲ್ಲಿ ಅಮೆರಿಕದಲ್ಲಿ ಆ ಹೆಸರೇ ಖಾಸಗಿಯವರ ಟ್ರೇಡ್‌ಮಾರ್ಕ್ ಆಗಿಬಿಟ್ಟಿತು. ತಮ್ಮ ಗಿಡದ ಹೆಸರನ್ನು ತಾವೇ ಬರೆದು ಮಾರೋಕೆ ಅಲ್ಲಿನ ಉತ್ಪಾದಕರಿಗೆ ತೊಡಕಾಯಿತು. ಆ ತಕರಾರು ಬಗೆಹರಿದದ್ದು 2005ರಲ್ಲಿ. ಗೆದ್ದವರು ಯಾರು? ಚಹಾದ ಉದ್ಯಮ. ಆ ಗಿಡದ ಗುಣವನ್ನು ಮೊದಲು ಕಂಡುಕೊಂಡ ಸಾನ್ ಮತ್ತು ಖೋಯಿ ಜನಕ್ಕೆ ಪಾಲು ಕೊಡುವ ಒಪ್ಪಂದ ಆದದ್ದು 2019ರಲ್ಲಿ, ಎಲೆಯ ಬೆಲೆಯಲ್ಲಿ ನೂರಕ್ಕೆ ಒಂದೂವರೆ. ಹೊರಗಿನವರಿಂದ ಹೆಸರು ಬಿಡಿಸಿಕೊಂಡ ಮೇಲೂ ಒಳಗಿನವರು ಹದಿನಾಲ್ಕು ವರ್ಷ ಕಾಯಬೇಕಾಯಿತು.

ಇಥಿಯೋಪಿಯಾದ ಕತೆ ಸ್ವಲ್ಪ ಬೇರೆ. 2005ರಲ್ಲಿ ಆ ದೇಶದ ಸರ್ಕಾರ ಸಿದಾಮೊ, ಹರಾರ್, ಯಿರ್ಗಾಚೆಫೆ ಎಂಬ ತನ್ನ ಕಾಫಿ ಹೆಸರುಗಳಿಗೆ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಕೇಳಿತು. ಅಲ್ಲಿನ ಕಾಫಿ ವ್ಯಾಪಾರಿಗಳ ಸಂಘ ಅಡ್ಡ ನಿಂತಿತು. ಜಗತ್ತಿನ ಬೇರೆಬೇರೆ ಕಡೆಯ ಜನ ದನಿಯೆತ್ತಿದ ಮೇಲೆ 2007ರಲ್ಲಿ ಸ್ಟಾರ್‌ಬಕ್ಸ್ ಕಂಪನಿ ಒಪ್ಪಂದಕ್ಕೆ ಬಂತು. ಬಡ ದೇಶವೂ ಪರದೇಶದ ಪುಸ್ತಕದಲ್ಲಿ ಹೆಸರು ಬರೆಸಬಲ್ಲದು ಅನ್ನೋದನ್ನು ಇದು ತೋರಿಸಿತು. ಆದರೆ ಅಲ್ಲೂ ಹೆಸರಿನ ಒಡೆಯ ಸರ್ಕಾರ, ಕಾಫಿ ಬೆಳೆದವರಲ್ಲ. ನಮ್ಮ ಡಾರ್ಜಿಲಿಂಗ್ ಚಹಾದ ಹೆಸರಿಗೂ ಒಡೆಯ ಟೀ ಬೋರ್ಡ್. ಫ್ರಾನ್ಸಿನ ಒಳಉಡುಪಿನ ಕಂಪನಿಯೊಂದು ಡಾರ್ಜಿಲಿಂಗ್ ಹೆಸರು ಇಟ್ಟುಕೊಂಡಾಗ ಬೋರ್ಡ್ ಯುರೋಪಿನ ನ್ಯಾಯಾಲಯದವರೆಗೂ ಹೋಗಿ 2017ರಲ್ಲಿ ಸೋತಿತು. ಆ ಹೆಸರಿಗಾಗಿ ಇಷ್ಟು ದೂರ ಹೋದವರು, ಬುಟ್ಟಿ ಹೊತ್ತು ಎಲೆ ಕೀಳುವ ಹೆಣ್ಣುಮಕ್ಕಳ ಕೂಲಿಗಾಗಿ ಎಷ್ಟು ದೂರ ಹೋಗಿದ್ದಾರೆ ಅಂತ ನಾವು ಕೇಳಬೇಕಲ್ಲವೆ?

ಹೀಗೆ ನೋಡಿದರೆ ಪರದೇಶದ ಆ ಪುಸ್ತಕ ಮೂರೇ ಮೂರು ಪ್ರಶ್ನೆ ಕೇಳುತ್ತದೆ. ಒಡೆಯರು ಯಾರು? ಬಳಸುವವರು ಯಾರು? ಮುಂದೆಯೂ ಬಳಸುತ್ತೀರಾ? ಗುಮಾಸ್ತನಿಗೆ ಇವು ಖಾಲಿ ಜಾಗ ತುಂಬುವ ಪ್ರಶ್ನೆಗಳು. ನಮಗೆ ಇವು ನ್ಯಾಯದ ಪ್ರಶ್ನೆಗಳು.

ಮೊದಲನೆಯದು. ಕೊಲ್ಹಾಪುರಿ ಹೆಸರಿನ ನೋಂದಾಯಿತ ಒಡೆಯರು ಎರಡು ಸರ್ಕಾರಿ ನಿಗಮಗಳು: ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ಲಿಡ್ಕರ್. ಚಮ್ಮಾರರ ಏಳಿಗೆಗೆಂದೇ ಕಟ್ಟಿದ ಸಂಸ್ಥೆಗಳು, ಅದನ್ನು ನಾವು ಅಲ್ಲಗಳೆಯೋದಿಲ್ಲ. ಆದರೆ ಕಾನೂನಿನಲ್ಲಿ ಹೊಲಿಯುವವರಿಗೆ ಇಟ್ಟಿರುವ ಹೆಸರು ಏನು ಗೊತ್ತೆ? 'ಅಧಿಕೃತ ಬಳಕೆದಾರ'. ಅದೂ ಬೇರೆ ಅರ್ಜಿ ಹಾಕಿ ನೋಂದಾಯಿಸಿಕೊಂಡರೆ. ಅಜ್ಜ, ಮುತ್ತಜ್ಜ ಹೊಲಿದು ತಂದ ಹೆಸರಿಗೆ ಮೊಮ್ಮಗ ಬಳಕೆದಾರ! ಪ್ರಾಡಾ ವಿರುದ್ಧ ವಕೀಲರು ಕೆಲವರು ಸಾರ್ವಜನಿಕ ಹಿತದ ಅರ್ಜಿ ಹಾಕಿದಾಗ ಬಾಂಬೆ ಹೈಕೋರ್ಟು 2025ರ ಜುಲೈನಲ್ಲಿ ಅದನ್ನು ವಜಾ ಮಾಡಿತು. ಈ ಹೆಸರಿನ ನೋಂದಾಯಿತ ಒಡೆಯರು ನೀವಲ್ಲ, ಕೇಳಬೇಕಾದವರು ಅವರು ಅನ್ನೋದು ಅದರ ನಿಲುವು. ಕಾನೂನಿನ ಲೆಕ್ಕದಲ್ಲಿ ಆ ಮಾತು ಸರಿ. ಆದರೆ ಪುಸ್ತಕದಲ್ಲಿ ಹೆಸರಿಲ್ಲದ ಸಮಗಾರ ಅದೇ ಬಾಗಿಲಿಗೆ ಹೋಗಿದ್ದರೂ 'ಯಾರಪ್ಪಾ ನೀನು?' ಅನ್ನೋ ಪ್ರಶ್ನೆಯನ್ನೇ ಎದುರಿಸಬೇಕಿತ್ತು.

2025ರ ಡಿಸೆಂಬರಿನಲ್ಲಿ ಪ್ರಾಡಾ ಆ ಎರಡು ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ಸಾವಿರ ಜೋಡಿ ಇಲ್ಲೇ ಮಾಡಿಸಿ, ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದಾಗಿ ಹೇಳಿತು. ಜೂನ್ ತಿಂಗಳಲ್ಲಿ ಹೊಸ್ತಿಲಲ್ಲಿ ಬಿಟ್ಟುಹೋದ ಹೆಸರಿಗೆ ಡಿಸೆಂಬರಿನಲ್ಲಿ ಬೆಲೆ ಬಂತು. ಕೆಲವರ ಕೈಗೆ ಕೆಲಸ ಬರುತ್ತದೆ, ಒಳ್ಳೆಯದೇ. ಆದರೆ ಹೆಸರಿನ ಬೆಲೆಯಲ್ಲಿ ಹೊಲಿದವರ ಪಾಲು ಎಷ್ಟು, ಕೂಲಿ ಎಷ್ಟು, ಎರಡೂ ಬೇರೆಬೇರೆ ಲೆಕ್ಕ. ಕೂಲಿಯನ್ನೇ ಪಾಲು ಅಂತ ನಂಬಿಸೋದು ಹಳೇ ಜಮೀನ್ದಾರಿ ವಿದ್ಯೆ.

ಎರಡನೆಯದು, ಬಳಸುವವರು ಯಾರು. ಯುರೋಪಿನಲ್ಲಿ ಸಾಮೂಹಿಕ ಗುರುತು ಬೇಕಾದರೆ ಸಂಘವು ತನ್ನ ನಿಯಮಾವಳಿಯನ್ನು ಕೊಡಲೇಬೇಕು: ಯಾರು ಸದಸ್ಯರು, ಯಾವ ಷರತ್ತಿನ ಮೇಲೆ ಗುರುತು ಬಳಸಬಹುದು, ತಪ್ಪಿದರೆ ಶಿಕ್ಷೆ ಏನು. ಜನ ಇದನ್ನು ಬರೀ ಕಾಗದ ಅಂತ ತಿಳಿಯುತ್ತಾರೆ. ಸಂಘದೊಳಗಿನ ನ್ಯಾಯ, ಅನ್ಯಾಯ ತೀರ್ಮಾನವಾಗೋದು ಈ ಕಾಗದದಲ್ಲೇ. ವ್ಯಾಪಾರಿ ಅದರಲ್ಲಿ ಸದಸ್ಯನೋ? ಹದ ಮಾಡುವ ಢೋರರು ಸದಸ್ಯರೋ? ಜಡೆ ಹೆಣೆಯುವ ಹೆಂಗಸು ಗಂಡನ ಹೆಸರಿನ ಹಿಂದೆ ಅಡಗಬೇಕೋ, ತನ್ನ ಹೆಸರಲ್ಲೇ ಸಹಿ ಹಾಕಬೇಕೋ?

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಮುಂದೆಯೂ ಬಳಸುತ್ತೀರಾ? ಗುರುತು ಬದುಕಿರಬೇಕು ಅಂದರೆ ಯಾರಾದರೂ ಆ ಚಪ್ಪಲಿಯನ್ನು ಹೊಲಿಯುತ್ತಲೇ ಇರಬೇಕು. ಯಾರು? ಸರ್ಕಾರಕ್ಕೆ ಪರಂಪರೆ ಬೇಕು, ಕಂಪನಿಗೆ ಸರಕು ಬೇಕು. ಇಬ್ಬರಿಗೂ ಸಮಗಾರನ ಮಗ ಸಮಗಾರನಾಗೇ ಇರಬೇಕು. ಜಾತಿ ಅನ್ನೋದು ಕೆಲಸದ ವಿಂಗಡಣೆ ಮಾತ್ರವಲ್ಲ, ಕೆಲಸಗಾರರನ್ನೇ ವಿಂಗಡಿಸಿ ಮೇಲುಕೀಳು ಮಾಡಿದ್ದು ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ಹೆಸರು ಉಳಿಸೋದು ಅಂದರೆ ಆ ವಿಂಗಡಣೆಯನ್ನೇ ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನವೀಕರಿಸೋದು ಅಂತಾದರೆ, ಅಂಥ ಟ್ರೇಡ್‌ಮಾರ್ಕ್ ನಮಗೆ ಬೇಡ. ಮನು ಬರೆದದ್ದನ್ನು ಜಿನೀವಾದಲ್ಲಿ ಮತ್ತೆ ಬರೆಸಬೇಕಾಗಿಲ್ಲ.

ಹಾಗಾದರೆ ಹೆಸರನ್ನು ಬಿಟ್ಟುಬಿಡೋಣವೆ? ನಮ್ಮ ಗೆಳೆಯರಲ್ಲೇ ಕೆಲವರು ಹಾಗೆ ಹೇಳುತ್ತಾರೆ. 'ಖಾಸಗಿ ಆಸ್ತಿಯನ್ನೇ ವಿರೋಧಿಸುವವರು ಹೆಸರಿಗೆ ಬೇಲಿ ಹಾಕೋದೇನು? ಹೆಸರು ಗಾಳಿ ಇದ್ದ ಹಾಗೆ, ಎಲ್ಲರದೂ ಆಗಲಿ' ಅನ್ನುತ್ತಾರೆ. ಮಾತು ಚೆನ್ನಾಗಿದೆ. ಆದರೆ ಬೇಲಿ ಕಿತ್ತುಹಾಕೋ ಕೆಲಸ ಯಾವಾಗಲೂ ಬಡವರ ಹಿತ್ತಲಿಂದಲೇ ಯಾಕೆ ಶುರುವಾಗಬೇಕು? ಪ್ರಾಡಾ ತನ್ನ ಹೆಸರನ್ನು ಗಾಳಿಗೆ ಬಿಡುತ್ತದೆಯೆ? ಆ ಐದಾರು ಅಕ್ಷರವನ್ನು ಅಥಣಿಯ ಹುಡುಗನೊಬ್ಬ ತಾನು ಹೊಲಿದ ಚಪ್ಪಲಿಯ ಮೇಲೆ ಒತ್ತಿದರೆ ಮರುದಿನ ಬಾಗಿಲಿಗೆ ನೋಟೀಸು ಬರುತ್ತದೆ. ಉಳ್ಳವರ ಹೆಸರು ಆಸ್ತಿ, ಇಲ್ಲದವರ ಹೆಸರು ಗಾಳಿ ಅಂದರೆ ಅದು ಸಮತೆಯಲ್ಲ.

ನಮ್ಮ ಜನಕ್ಕೆ ಹೆಸರು ಅನ್ನೋದು ಎಂದೂ ಹಗುರದ ಸಂಗತಿ ಆಗಿರಲಿಲ್ಲ. ಚಪ್ಪಲಿಗೆ ಊರಿನ ಹೆಸರಿಟ್ಟು ಮೆರೆಸಿದ ಈ ಸಮಾಜ, ಹೊಲಿದವರ ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡಿತು. ಆದರೆ ಹನ್ನೆರಡನೇ ಶತಮಾನದಲ್ಲೇ ಮಾದಾರ ಚನ್ನಯ್ಯನ ವಚನಗಳ ಅಂಕಿತದೊಳಗೆ ಉಳಿ, ಕತ್ತಿ, ಅಡಿಗೂಟಗಳು ಬಂದು ಕೂತವು. ತನ್ನ ಕೈಯ ಉಪಕರಣವನ್ನೇ ತನ್ನ ಮುದ್ರೆ ಮಾಡಿಕೊಂಡದ್ದು ಅದು. ಆ ಮುದ್ರೆಯನ್ನು ಯಾವ ಕಚೇರಿಯೂ ಕೊಟ್ಟಿರಲಿಲ್ಲ. ಅದರಲ್ಲಿ ನಾಚಿಕೆಯೂ ಇರಲಿಲ್ಲ. ಚನ್ನಯ್ಯನ ಹಾದಿಯಲ್ಲಿ ದುಡಿಮೆಯ ಹೆಸರು ದುಡಿದವನದೇ. ಅದು ಅವನನ್ನು ಕಟ್ಟಿಹಾಕುವ ಹಗ್ಗವಲ್ಲ.

ನಾವು ಕೇಳೋದು ಅದನ್ನೇ. ಹೆಸರನ್ನು ಬರೆಸಬೇಕು, ಮಿಲಾನಿಗೆ ಮೊದಲು ಬರೆಸಬೇಕು. ಬರೆಸುವ ಶುಲ್ಕವನ್ನೂ ನವೀಕರಣದ ಶುಲ್ಕವನ್ನೂ ಸರ್ಕಾರ ಕಟ್ಟಲಿ, ಅದು ಭಿಕ್ಷೆಯಲ್ಲ, ಬಾಕಿ. ಒಡೆಯರ ಜಾಗದಲ್ಲಿ ಹದ ಮಾಡುವವರು, ಹೊಲಿಯುವವರು, ಹೆಣೆಯುವವರು ಕೂಡಿದ ಸಂಘದ ಹೆಸರಿರಲಿ. ನಿಗಮಗಳು ಕಾವಲುಗಾರರಾಗಲಿ, ಯಜಮಾನರಾಗೋದು ಬೇಡ. ನಿಯಮಾವಳಿಯಲ್ಲಿ ಎರಡು ಸಾಲು ಸ್ಪಷ್ಟವಾಗಿ ಇರಲಿ: ಈ ಕೆಲಸ ಕಲಿತ ಯಾರೇ ಆಗಲಿ, ಯಾವ ಜಾತಿಯವರೇ ಆಗಲಿ, ಸದಸ್ಯರಾಗಬಹುದು, ಹೆಸರಿನಿಂದ ಬರುವ ಹಣದಲ್ಲಿ ಮೊದಲ ಪಾಲು ಕೇರಿಯ ಮಕ್ಕಳ ಓದಿಗೆ.

ಆ ಮಕ್ಕಳಲ್ಲಿ ಯಾರಿಗಾದರೂ ಉಳಿ ಹಿಡಿಯಬೇಕು ಅನ್ನಿಸಿದರೆ ಹಿಡಿಯಲಿ. ಬೇಡ ಅನ್ನಿಸಿದವರು ವಕೀಲರಾಗಿ ಅಲಿಕಾಂತೆಯ ಕಚೇರಿಗೆ ಹೋಗಿ ಆ ಹೆಸರಿನ ಪರವಾಗಿ ವಾದಿಸಲಿ. ಮೇಲುಕೇರಿಯ ಜನವೂ ಅಟ್ಟೆಗೆ ದಾರ ಪೋಣಿಸೋದನ್ನು ಕಲಿಯೋಕೆ ನಮ್ಮ ಕೇರಿಗೆ ಬರಲಿ, ಅವರಿಗೂ ಸಂಘದಲ್ಲಿ ಸಮನಾದ ಜಾಗ ಉಂಟು. ಉಳುವವನೇ ಹೊಲದೊಡೆಯ ಅಂದ ನಾಡು ಇದು. ಹೊಲಿಯುವವರೇ ಹೆಸರಿನೊಡೆಯರು ಅನ್ನೋಕೆ ಇನ್ನೆಷ್ಟು ದಿನ ಬೇಕು?